ಯಕ್ಷಗಾನದ ವಿಡಿಯೋ 67 ಜಿಬಿ ಆಗಿದೆ, ಯಾವ ಫಾರ್ಮ್ಯಾಟ್‌ಗೆ ಇಳಿಸಲಿ?

ಬಡಗು_ಪ್ರಿಯ:
ಊರಿನಲ್ಲಿ ನಡೆದ ಆಟವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದೇನೆ. ಮೂರು ಗಂಟೆ, 1080ಪಿ, ಸೆಕೆಂಡಿಗೆ 50 ಫ್ರೇಮ್. ಜಿಪ್ ಮಾಡಿ ನೋಡಿದೆ, ಇಳಿದಿದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಎಂಪಿ4 ಇದ್ದದ್ದನ್ನು ಎಂಕೆವಿ ಮಾಡಿದೆ, ಅಷ್ಟೇ ಇದೆ. ಎಚ್.265 ಮಾಡಿದರೆ ಸೈಜ್ ಚೆನ್ನಾಗಿ ಇಳಿಯುತ್ತದೆ, ಆದರೆ ಅಪ್ಪನ ಹಳೇ ಟಿವಿಯಲ್ಲಿ ಚೆಂಡೆ ಮಾತ್ರ ಕೇಳಿಸುತ್ತದೆ, ಪರದೆ ಕಪ್ಪು. ಮೆಸೇಜ್ ಆ್ಯಪ್‌ನಲ್ಲಿ ಒಂದು ತುಣುಕು ಕಳಿಸಿದರೆ ದಿಗಿಣ ಹೊಡೆಯುವಾಗ ವೇಷವೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತದೆ. ಇದೆಲ್ಲ ಯಾಕೆ ಹೀಗೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಪಿಕ್ಸೆಲ್_ಭಟ್ಟ:
ಮೊದಲು ಎಂಪಿ4, ಎಂಕೆವಿ ತಲೆಯಿಂದ ತೆಗೆದುಹಾಕಿ ಮಾರಾಯ್ರೆ. ಅವು ಬರೀ ಡಬ್ಬಿಗಳು. ಒಳಗಿರುವ ವಿಡಿಯೋ ಯಾವ ಕೋಡೆಕ್‌ನಲ್ಲಿದೆ, ಅಂದರೆ ಎಚ್.264, ಎಚ್.265ನಂಥ ಯಾವ ಇಳಿಸುವ ವಿಧಾನದಲ್ಲಿದೆ ಅನ್ನುವುದು ಮುಖ್ಯ. ಡಬ್ಬಿ ಬದಲಿಸಿದರೆ ತೂಕ ಇಳಿಯುತ್ತದಾ?

ಇನ್ನು ಜಿಪ್. 1080ಪಿಯ ಒಂದು ಫ್ರೇಮ್ ಅಂದರೆ 1920 × 1080 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 3 ಬೈಟ್, ಸುಮಾರು 6.2 ಎಂಬಿ. ಸೆಕೆಂಡಿಗೆ 50 ಫ್ರೇಮ್ ಅಂದರೆ 311 ಎಂಬಿ. ನಿಮ್ಮ ಮೂರು ಗಂಟೆಯ ಆಟ ಹಾಗೇ ಇಟ್ಟಿದ್ದರೆ 3.3 ಟಿಬಿ ದಾಟುತ್ತಿತ್ತು. ಕ್ಯಾಮೆರಾ ಅದನ್ನು ಆಗಲೇ ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿ ಕೊಟ್ಟಿದೆ. ಹಿಂಡಿ ಹಿಪ್ಪೆಯಾದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟರೆ ಜಿಪ್‌ಗೆ ಏನು ಸಿಗುತ್ತದೆ?

ಇಳಿಸುವುದು ಹೇಗೆ ಅಂದರೆ, ಪ್ರತಿ ಫ್ರೇಮನ್ನೂ ಪೂರ್ತಿ ಬರೆಯುವುದಿಲ್ಲ. ಆಗಾಗ ಒಂದು ಪೂರ್ತಿ ಚಿತ್ರ, ಅದು ಐ ಫ್ರೇಮ್. ನಡುವಿನವು ಪಿ ಮತ್ತು ಬಿ ಫ್ರೇಮ್‌ಗಳು, ಅವುಗಳಲ್ಲಿ ಬದಲಾವಣೆ ಮಾತ್ರ ಇರುತ್ತದೆ. ಹಿಂದೆ ಕೂತ ಭಾಗವತರು ಅಲ್ಲಾಡುವುದು ಕಡಿಮೆ, ಅವರಿದ್ದ ಜಾಗಕ್ಕೆ 'ಹಿಂದಿನ ಫ್ರೇಮ್‌ನಲ್ಲಿ ಇದ್ದ ಹಾಗೇ' ಅಂತ ಬರೆದರೆ ಮುಗಿಯಿತು, ಹೆಚ್ಚುಕಡಿಮೆ ಪುಕ್ಕಟೆ. ವೇಷ ಪಕ್ಕಕ್ಕೆ ಸರಿದರೆ 'ಈ ಚೌಕ ಇಷ್ಟು ಬಲಕ್ಕೆ ಹೋಯಿತು' ಅಂತ ಬರೆಯುತ್ತದೆ. ಆದರೆ ದಿಗಿಣದಲ್ಲಿ ವೇಷ ಗಿರಗಿರನೆ ಸುತ್ತುತ್ತದೆ, ಎದುರಿದ್ದದ್ದು ಮರೆಯಾಗಿ ಬೆನ್ನು ಕಾಣುತ್ತದೆ, ಹಿಂದಿನ ಫ್ರೇಮ್‌ನಲ್ಲಿ ಅದು ಇರಲೇ ಇಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಬಿಟ್ ಸಾಲುವುದಿಲ್ಲ, ಚೌಕಗಳು ಎದ್ದು ಕಾಣುತ್ತವೆ. ಮೆಸೇಜ್ ಆ್ಯಪ್ ಕೊಡುವ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಸಿಗುವ ಬಿಟ್‌ಗಳು, ಮೊದಲೇ ಕಡಿಮೆ. ಅದರಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಮುಟ್ಟುವುದಿಲ್ಲ.

ಯುವಿಸಿಇ_ಹಳಬ:
ಆ ಚೌಕಗಳ ಒಳಗೆ ಏನು ನಡೆಯುತ್ತದೆ ಅನ್ನುವುದೇ ನನಗೆ ಹೆಚ್ಚು ಇಷ್ಟದ ಭಾಗ, ಅದನ್ನೂ ಸೇರಿಸುತ್ತೇನೆ. ಚೌಕದಲ್ಲಿರುವುದನ್ನು ಪಿಕ್ಸೆಲ್ ಲೆಕ್ಕದಲ್ಲಿ ಇಡದೆ ಅಲೆಗಳ ಲೆಕ್ಕಕ್ಕೆ ಬದಲಿಸುತ್ತಾರೆ. ನಿಧಾನಕ್ಕೆ ಬದಲಾಗುವ ಬಣ್ಣ ಒಂದು ಕಡೆ, ಸಣ್ಣ ಗೆರೆ, ಅಂಚು, ಕುಸುರಿ ಇನ್ನೊಂದು ಕಡೆ. ಆಮೇಲೆ ಬರುವ ಸಂಖ್ಯೆಗಳನ್ನು ಭಾಗಿಸಿ ಪೂರ್ಣಾಂಕ ಮಾಡುತ್ತಾರೆ. 37 ಇದ್ದರೆ 10ರಿಂದ ಭಾಗಿಸಿ 4 ಅಂತ ಇಟ್ಟುಕೊಳ್ಳುತ್ತದೆ, ಪ್ಲೇ ಮಾಡುವಾಗ ಅದು 40 ಆಗಿ ಬರುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಆದರೆ 4 ಇದ್ದದ್ದು 0 ಆಯಿತು, ಅದು ಹೋಯಿತು, ವಾಪಸ್ ಬರುವುದಿಲ್ಲ. ನಷ್ಟ ಮುಖ್ಯವಾಗಿ ಆಗುವುದು ಇಲ್ಲೇ.

ಪಿಕ್ಸೆಲ್‌ನಿಂದ ಅಲೆಗೆ ಬದಲಿಸುವ ಆ ಲೆಕ್ಕಕ್ಕೆ ಡಿಸಿಟಿ ಅನ್ನುತ್ತಾರೆ. ಕಂಡುಹಿಡಿದವರು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿನ ನಮ್ಮ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದ ನಾಸಿರ್ ಅಹ್ಮದ್. ಅಮೆರಿಕದಲ್ಲಿ ಈ ಯೋಚನೆ ಇಟ್ಟುಕೊಂಡು ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿದರು, ಕೊಡಲಿಲ್ಲ. ಆದರೂ ಬಿಡಲಿಲ್ಲ, 1974ರಲ್ಲಿ ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಫೋಟೋ, ವಿಸಿಡಿ, ಡಿವಿಡಿ, ನಿಮ್ಮ 67 ಜಿಬಿ ಫೈಲ್, ಎಲ್ಲದರ ಒಳಗೂ ಅದರದೇ ಒಂದು ರೂಪ ಕೂತಿದೆ. ಕ್ರಿಕೆಟಿಗರ ಹೆಸರು ಗೊತ್ತಿರುವಷ್ಟು ಜನರಿಗೆ ಇವರ ಹೆಸರು ಗೊತ್ತಿಲ್ಲ, ಬಿಡಿ.

ಬಡಗು_ಪ್ರಿಯ:
ಅರ್ಥ ಆಯಿತು ಸರ್. ಇನ್ನೊಂದು. ಕೆಂಪು ಚೌಕುಳಿ ಕಸೆ ಸೀರೆ ಮೂಲ ಫೈಲ್‌ನಲ್ಲೇ ಕಲಸಿದ ಹಾಗೆ ಕಾಣುತ್ತದೆ. ಫೋಕಸ್ ಸರಿಯಾಗಿದೆ, ಮುಖದ ಬಣ್ಣಗಾರಿಕೆಯ ಗೆರೆಗಳು ಚೆನ್ನಾಗೇ ಬಂದಿವೆ.

ಪಿಕ್ಸೆಲ್_ಭಟ್ಟ:
ಅದು 4:2:0. ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಬರೆದು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಬರೆಯುತ್ತಾರೆ. ನಮ್ಮ ಕಣ್ಣು ಬೆಳಕಿಗೆ ಚುರುಕು, ಬಣ್ಣಕ್ಕೆ ಮಂದ, ಹಾಗಾಗಿ ಸಾಮಾನ್ಯವಾಗಿ ಗೊತ್ತಾಗಲ್ಲ. ಮುಖದ ಮೇಲೆ ಬಿಳಿ-ಕಪ್ಪು ಗೆರೆ, ಅಂದರೆ ಬೆಳಕಿನ ವ್ಯತ್ಯಾಸ, ಅದು ಉಳಿಯಿತು. ಕಡುಗೆಂಪಿನ ಪಕ್ಕ ಕಪ್ಪು ಅಂದರೆ ವ್ಯತ್ಯಾಸ ಜಾಸ್ತಿ ಇರುವುದು ಬಣ್ಣದಲ್ಲಿ. ನಿಮ್ಮ ಫ್ರೇಮ್‌ನಲ್ಲಿ ಬಣ್ಣ ನಿಜವಾಗಿ ಇರುವುದು 960 × 540 ಮಾತ್ರ. ಇದನ್ನು ಈಗ ಸರಿಮಾಡಲು ಆಗುವುದಿಲ್ಲ. ಮುಂದಿನ ಸಲ 4ಕೆಯಲ್ಲಿ ಹಿಡಿದು 1080ಪಿಗೆ ಇಳಿಸಿ ನೋಡಿ, ಸೀರೆ ಬೇರೆಯೇ ಕಾಣುತ್ತದೆ.

ಎಡಿಟಿಂಗ್_ಅಣ್ಣ:
ಯಾವುದಕ್ಕೆ ಇಳಿಸಲಿ ಅನ್ನುವ ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲವಲ್ಲ! ಎಚ್.264 ಬಂದಿದ್ದು 2003ರಲ್ಲಿ, ಅಪ್ಪನ ಟಿವಿ, ಹಳೇ ಫೋನ್, ಎಲ್ಲ ಕಡೆ ಓಡುತ್ತದೆ. ಎಚ್.265 ಬಂದಿದ್ದು 2013ರಲ್ಲಿ, ಅದೇ ಗುಣಮಟ್ಟಕ್ಕೆ ಸುಮಾರು ಅರ್ಧ ಸಾಕು, ಆದರೆ ಟಿವಿಯ ಚಿಪ್‌ಗೆ ಅದು ಗೊತ್ತಿರಬೇಕು, ನಿಮ್ಮದಕ್ಕೆ ಗೊತ್ತಿಲ್ಲ. ಸಾಲದ್ದಕ್ಕೆ ಅದರ ಪೇಟೆಂಟ್ ರಗಳೆ. ಆ ರಗಳೆ ಬೇಡ ಅಂತಲೇ ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಮುಂತಾದವರು ಸೇರಿ 2018ರಲ್ಲಿ ಎವಿ1 ತಂದರು. ಇನ್ನೂ ಚಿಕ್ಕದಾಗುತ್ತದೆ, ಆದರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಮೂರು ಗಂಟೆಯ ಆಟ ಎನ್‌ಕೋಡ್ ಮಾಡಲು ತಾಳ್ಮೆ ಬೇಕು.

ಟಿವಿಗೆ ಎಚ್.264 ಮಾಡಿ. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ. ಬಿಟ್‌ರೇಟ್ ಕಟ್ಟಿಹಾಕಬೇಡಿ, ಅದರಲ್ಲಿ ಗುಣಮಟ್ಟ ಹೇಳುವ ಸಂಖ್ಯೆ ಆರ್‌ಎಫ್, ಅದನ್ನು 20ರ ಆಸುಪಾಸು ಇಡಿ. ಆಗ ಕೂತು ಅರ್ಥ ಹೇಳುವ ಕಡೆ ಕಡಿಮೆ ಖರ್ಚು ಮಾಡಿ ದಿಗಿಣಕ್ಕೆ ಜಾಸ್ತಿ ಕೊಡುತ್ತದೆ. ಸರಾಸರಿ 8 ಎಂಬಿಪಿಎಸ್ ಬಂದರೆ ಒಟ್ಟು 11 ಜಿಬಿ ಒಳಗೆ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ, ಪ್ರಸಂಗವನ್ನು ಭಾಗ ಮಾಡಿ. ಪೂರ್ತಿ ಮಾಡುವ ಮೊದಲು ದಿಗಿಣ ಇರುವ ಎರಡು ನಿಮಿಷ ಕತ್ತರಿಸಿ ಅದೇ ಟಿವಿಯಲ್ಲಿ ನೋಡಿ.

ಪಿಕ್ಸೆಲ್_ಭಟ್ಟ:
ಸರಿ ಅಣ್ಣ, ಆದರೆ 67 ಜಿಬಿ ಅಳಿಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಇಳಿಸಿದ್ದನ್ನೇ ಮತ್ತೆ ಇಳಿಸಿದರೆ ಪ್ರತಿ ಸಲ ಇನ್ನಷ್ಟು ಹೋಗುತ್ತದೆ. ಯೂಟ್ಯೂಬ್‌ಗೆ ಹಾಕುವುದಾದರೂ ಮೂಲವನ್ನೇ ಹಾಕಿ, ಹೇಗೂ ಅವರು ತಮ್ಮ ಲೆಕ್ಕದಲ್ಲಿ ಮತ್ತೆ ಎನ್‌ಕೋಡ್ ಮಾಡುತ್ತಾರೆ.

ಬಡಗು_ಪ್ರಿಯ:
ಅಳಿಸುವುದಿಲ್ಲ, ಹಾರ್ಡ್ ಡಿಸ್ಕ್ ತಂದಾಯಿತು. ಆರ್‌ಎಫ್ 20ರಲ್ಲಿ ತುಣುಕು ಮಾಡಿದೆ, ಟಿವಿಯಲ್ಲಿ ಓಡುತ್ತದೆ, ಚೌಕ ಕಾಣುತ್ತಿಲ್ಲ. ಆಡಿಯೊ ಎಷ್ಟಿಡಲಿ?

ಎಡಿಟಿಂಗ್_ಅಣ್ಣ:
ಎಎಸಿ, 256 ಕೆಬಿಪಿಎಸ್. ಮೂರು ಗಂಟೆಗೆ 350 ಎಂಬಿ ಒಳಗೇ ಮುಗಿಯುತ್ತದೆ, ಅಲ್ಲಿ ಜಿಪುಣತನ ಬೇಡ. ತೀರಾ ಕಡಿಮೆ ಮಾಡಿದರೆ ಚೆಂಡೆಯ ಪೆಟ್ಟು ಬೀಳುವ ಮೊದಲೇ ಸಣ್ಣಗೆ ಒಂದು ಸದ್ದು ಹರಡಿಕೊಳ್ಳುತ್ತದೆ, ಏಟಿನ ಚೂಪು ಹೋಗುತ್ತದೆ.