ಶೇಲ್ ಬಾವಿಗಳ ನಡುವೆ 660 ಅಡಿ ಸಾಕೇ?

ಪ್ರಶ್ನೆ: ಒಂದು ಮೈಲಿ ಅಗಲದ ಜಾಗದಲ್ಲಿ ಶೇಲ್ ಎಂಬ ಬಿಗಿಯಾದ ಬಂಡೆಯಿಂದ ತೈಲ-ಅನಿಲ ತೆಗೆಯಲು 660 ಅಡಿಗೊಂದರಂತೆ ಎಂಟು ಅಡ್ಡಬಾವಿ ಕೊರೆದು ಫ್ರ್ಯಾಕ್ ಮಾಡುವ (ಮರಳು ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯಲ್ಲಿ ಬಿರುಕು ಮೂಡಿಸುವ) ಯೋಜನೆಯಿದೆ. ಮೈಕ್ರೊಸೈಸ್ಮಿಕ್ (ಫ್ರ್ಯಾಕ್ ವೇಳೆ ಬಂಡೆಯ ಸಣ್ಣ ಕಂಪನಗಳ ಅಳತೆ) ಪ್ರಕಾರ ಬಿರುಕು ಒಂದೊಂದು ಬದಿಗೆ 700 ಅಡಿ ಹೋಗಿದೆ. ಮೊದಲ ಬಾವಿಯ ಈವರೆಗಿನ ಉತ್ಪಾದನೆಗೆ ಕಂಪ್ಯೂಟರ್ ಮಾಡೆಲ್ ಹೊಂದಿಸಿ ನೋಡುವ ಹಿಸ್ಟರಿ ಮ್ಯಾಚ್‌ನಲ್ಲಿ ಮಾತ್ರ 250 ಅಡಿಯೇ ಕೂರುತ್ತಿದೆ. ಯಾವುದನ್ನು ನಂಬಲಿ ಸರ್?

ಉತ್ತರ: 700ನ್ನು ಬಿಡಿ. ಮೈಕ್ರೊಸೈಸ್ಮಿಕ್‌ನಲ್ಲಿ ಕಾಣುವುದು ಬಂಡೆ ಜಾರಿದ ಜಾಗ, ಬಿರುಕು ಮುಚ್ಚದಂತೆ ತಡೆಯುವ ಮರಳು ಅಲ್ಲಿಯವರೆಗೂ ಹೋಗಿದೆ ಎಂದೇನಿಲ್ಲ. ಟೆಕ್ಸಾಸ್‌ನ ಮಿಡ್‌ಲ್ಯಾಂಡ್ ಬೇಸಿನ್‌ನಲ್ಲಿ ಫ್ರ್ಯಾಕ್ ಆದ ಬಂಡೆಯಿಂದ ಕೋರ್ ತೆಗೆದಾಗ ನೂರಾರು ಬಿರುಕು ಕಂಡವು, ಮರಳು ಸಿಕ್ಕಿದ್ದು ಕೆಲವುಗಳಲ್ಲಷ್ಟೇ.

ಹಾಗಂತ 250 ಕೂಡ ಖಾತ್ರಿಯಲ್ಲ. ಲೀನಿಯರ್ ಫ್ಲೋ (ಬಂಡೆಯಿಂದ ಬಿರುಕಿಗೆ ನೇರವಾಗಿ ಹರಿದುಬರುವ ಹಂತ) ಇರುವಷ್ಟು ಕಾಲ ಉತ್ಪಾದನೆಯ ಅಂಕಿಗಳಿಂದ ಸಿಗುವುದು ಬಿರುಕಿನ ವಿಸ್ತೀರ್ಣ ಮತ್ತು ಪರ್ಮಿಯಬಿಲಿಟಿಯ (ಬಂಡೆ ತನ್ನ ಮೂಲಕ ದ್ರವ ಹರಿಯಲು ಬಿಡುವ ಗುಣ) ವರ್ಗಮೂಲ, ಇವೆರಡರ ಗುಣಲಬ್ಧ ಮಾತ್ರ. ಪರ್ಮಿಯಬಿಲಿಟಿಯನ್ನು ಕಾಲು ಪಾಲಿಗೆ ಇಳಿಸಿ ನೋಡಿ, 500 ಅಡಿಯೂ ಅಷ್ಟೇ ಚೆನ್ನಾಗಿ ಕೂರುತ್ತದೆ. 250 ನಿಜವಾದರೆ ಎರಡು ಬಾವಿಗಳ ನಡುವೆ 160 ಅಡಿ ಮುಟ್ಟದೆ ಉಳಿಯುತ್ತದೆ. 500 ನಿಜವಾದರೆ 340 ಅಡಿ ಒಂದರ ಮೇಲೊಂದು ಬೀಳುತ್ತದೆ.

ಈ ಗಂಟು ಬಿಡಿಸಲು ಮೊದಲು, ಸಣ್ಣ ಬಿರುಕು ಮೂಡಿಸಿ ಒತ್ತಡ ಇಳಿಯುವುದನ್ನು ಅಳೆಯುವ ಡಿಎಫ್‌ಐಟಿ ಮಾಡಿ ಪರ್ಮಿಯಬಿಲಿಟಿಗೆ ಒಂದು ಮಿತಿ ಹಾಕಿ. ಫ್ರ್ಯಾಕ್ ನಡೆಯುವಾಗ, ಇನ್ನೂ ಪರ್ಫೊರೇಟ್ ಮಾಡದ (ಕೇಸಿಂಗ್ ಎಂಬ ಉಕ್ಕಿನ ಕೊಳವೆಗೆ ತೂತು ಹಾಕದ), ನೀರು ತುಂಬಿದ ಪಕ್ಕದ ಬಾವಿಗೆ ಪ್ರೆಶರ್ ಗೇಜ್ ಕೂರಿಸಿ. ಬಿರುಕು ಕೇಸಿಂಗ್‌ಗೆ ತಾಗಿದೊಡನೆ ಒತ್ತಡ ತುಸು ಏರುತ್ತದೆ. ಆ ಹೊತ್ತಿಗೆ ಎಷ್ಟು ಬ್ಯಾರೆಲ್ ಪಂಪ್ ಆಗಿತ್ತೆಂದು, ಬಾವಿಯಲ್ಲಿ ಒಮ್ಮೆಗೆ ಫ್ರ್ಯಾಕ್ ಮಾಡುವ ತುಂಡಾದ ಪ್ರತಿ ಸ್ಟೇಜ್‌ಗೂ ಬರೆದಿಡಿ. ಫ್ರ್ಯಾಕ್ ಮಾಡೆಲ್ ಈ ಲೆಕ್ಕಕ್ಕೆ ಹೊಂದಲೇಬೇಕು. ಆದರೆ ಇದು ಎಲ್ಲಕ್ಕಿಂತ ಮುಂದೆ ಓಡಿದ ಬಿರುಕಿನ ಸುದ್ದಿ, ಉಳಿದವು ಎಲ್ಲಿ ನಿಂತವೋ ಇದರಿಂದ ತಿಳಿಯದು.

ಆಮೇಲೆ, ಒಂದು ಬಾವಿ ಇನ್ನೊಂದರ ಒತ್ತಡ ಇಳಿಸುತ್ತದೆಯೇ ಎಂದು ನೋಡುವ ಇಂಟರ್‌ಫಿಯರೆನ್ಸ್ ಟೆಸ್ಟ್. ನಡುವಿನ ಬಾವಿ ಮುಚ್ಚಿಟ್ಟು, ಅಕ್ಕಪಕ್ಕದವನ್ನು ಒಂದೊಂದಾಗಿ ತೆರೆಯಿರಿ. ಎರಡನ್ನೂ ಒಟ್ಟಿಗೆ ತೆರೆದರೆ ಒತ್ತಡ ಇಳಿಸಿದ್ದು ಯಾವುದೆಂದು ಹೇಳಲಾಗದು. ಕೆಲವು ತಿಂಗಳ ನಂತರ ಮತ್ತೆ ಮಾಡಿ. ಮರಳಿಲ್ಲದ ಬಿರುಕುಗಳು ಒತ್ತಡ ಇಳಿದಂತೆ ಮುಚ್ಚಿಕೊಳ್ಳುವುದರಿಂದ, ಆರಂಭದ ಟೆಸ್ಟ್ ಒಂದನ್ನೇ ನೆಚ್ಚಿದರೆ ಅಂತರ ಅನಗತ್ಯವಾಗಿ ಹಿಗ್ಗುತ್ತದೆ.

ಇಷ್ಟಾದ ಮೇಲೂ ಉಳಿಯುವ ಎಲ್ಲ ಮ್ಯಾಚ್‌ಗಳನ್ನು 660, 880, 1,056 ಅಡಿಗೆ ಓಡಿಸಿ. ಹೋಲಿಸಬೇಕಾದ್ದು ಒಂದು ಬಾವಿಯ ಉತ್ಪಾದನೆಯನ್ನಲ್ಲ, ಇಡೀ ಮೈಲಿಯ ನಿವ್ವಳ ಲಾಭವನ್ನು.

ಮರುಪ್ರಶ್ನೆ: ಮೊದಲ ಬಾವಿ ಎರಡು ವರ್ಷದಿಂದ ಉತ್ಪಾದನೆಯಲ್ಲಿದೆ. ಅದರ ಪಕ್ಕಕ್ಕೂ ಇದೇ ಅಂತರವೇ?

ಉತ್ತರ: ಬೇಡ. ಬಯೊ ಗುಣಾಂಕ (ರಂಧ್ರಗಳ ಒತ್ತಡ ಬಂಡೆಯ ಸ್ಟ್ರೆಸ್‌ಗೆ ಎಷ್ಟು ತಟ್ಟುತ್ತದೆ ಎಂಬ ಅಳತೆ) 0.7, ಪಾಯ್ಸನ್ ಅನುಪಾತ (ಒತ್ತಿದಾಗ ಬಂಡೆ ಪಕ್ಕಕ್ಕೆ ಉಬ್ಬುವ ಪ್ರಮಾಣ) 0.25 ಎಂದಿಟ್ಟುಕೊಂಡರೆ, ರಂಧ್ರಗಳ ಒತ್ತಡ 2,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಕುಸಿದ ಕಡೆ ಬಂಡೆಯ ಅಡ್ಡ ಸ್ಟ್ರೆಸ್ (ಅಡ್ಡಲಾಗಿ ಅದುಮುವ ಒತ್ತು) ಸುಮಾರು 930 ಪಿಎಸ್‌ಐ ಇಳಿದಿರುತ್ತದೆ. ಹೊಸ ಬಾವಿಯ ಬಿರುಕುಗಳು ಅತ್ತಲೇ ವಾಲುತ್ತವೆ, ಇನ್ನೊಂದು ಬದಿ ಮೋಟಾಗುತ್ತದೆ. ಎರಡೂ ಬದಿ ಸಮ ಎಂದುಕೊಂಡ ಮಾಡೆಲ್ ಹೊಸ ಬಾವಿಗೆ ಇಲ್ಲದ ಉತ್ಪಾದನೆ ತೋರಿಸುತ್ತದೆ. ಸಿಮ್ಯುಲೇಟರ್‌ನ ಇಂದಿನ ಒತ್ತಡದ ನಕ್ಷೆಯನ್ನು ಸ್ಟ್ರೆಸ್ ಮಾಡೆಲ್‌ಗೆ ಕೊಟ್ಟು, ಆ ಸ್ಟ್ರೆಸ್‌ನಲ್ಲೇ ಫ್ರ್ಯಾಕ್ ಓಡಿಸಿ. ಹಳೆ ಬಾವಿಗೆ ಮೊದಲೇ ನೀರು ತುಂಬಿಸಿದರೆ ತಕ್ಕಮಟ್ಟಿಗೆ ನೆರವಾಗುತ್ತದೆ, ಆದರೆ ಆ ನೀರು ಹಳೆಯ ಬಿರುಕುಗಳನ್ನಷ್ಟೇ ತುಂಬುತ್ತದೆ. ಸುತ್ತಲ ಬಂಡೆಯ ಒತ್ತಡ ಅಷ್ಟು ಬೇಗ ಮರಳುವುದಿಲ್ಲ.