ಸಹಾಯ ಬೇಕು: ಈಕ್ವೆಡಾರ್‌ನ ಗ್ವಾಯಾಕಿಲ್‌ನಲ್ಲಿ ಒಂದು ರಾತ್ರಿ ಹೇಗೆ ಕಳೆಯುವುದು?

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮನ ಜೊತೆ ಗಲಾಪಗೋಸ್‌ಗೆ ಹೊರಟಿದ್ದೇವೆ. ನಮ್ಮ ವಿಮಾನ ರಾತ್ರಿ ಗ್ವಾಯಾಕಿಲ್‌ಗೆ ಬರುತ್ತದೆ, ದ್ವೀಪದ ವಿಮಾನ ಮರುದಿನ ಬೆಳಿಗ್ಗೆ. ರಾಜಧಾನಿ ಕ್ವಿಟೋ ಮೂಲಕ ಹೋಗೋಣ ಅಂದರೆ ಟಿಕೆಟ್ ಬದಲಿಸಲು ಏಜೆಂಟ್ ಒಪ್ಪುತ್ತಿಲ್ಲ.

ಓದಿದಷ್ಟೂ ಗಾಬರಿ. 2018ರಲ್ಲಿ ಲಕ್ಷ ಜನರಿಗೆ ಸುಮಾರು 6 ಕೊಲೆ ಇದ್ದ ದೇಶದಲ್ಲಿ 2023ಕ್ಕೆ ಅದು 40 ದಾಟಿದೆ. 2024ರ ಜನವರಿಯಲ್ಲಿ ಟಿವಿ ಸ್ಟುಡಿಯೋಗೆ ಬಂದೂಕು ಹಿಡಿದವರು ನುಗ್ಗಿ, ಅದೆಲ್ಲ ಲೈವ್ ಆಗಿಯೇ ಬಂತಲ್ವಾ? ಅದೂ ಇದೇ ಊರು. ಕೊಲಂಬಿಯಾ, ಪೆರುವಿನ ಕೊಕೇನ್ ಇಲ್ಲಿನ ಬಂದರಿನಿಂದ ಬಾಳೆಹಣ್ಣಿನ ಕಂಟೇನರ್‌ಗಳಲ್ಲಿ ಯುರೋಪಿಗೆ ಹೋಗುತ್ತದೆ. ಗ್ಯಾಂಗ್‌ಗಳ ಹೊಡೆದಾಟ ಹೆಚ್ಚಾಗಿ ಅದಕ್ಕೇ. "ಹಾಗಾದ್ರೆ ನಮ್ಮ ತಂಟೆಗೆ ಯಾಕೆ ಬರ್ತಾರೆ" ಅಂತಾರೆ ಅಪ್ಪ. ಆದರೆ ಸುಲಿಗೆ, ಅಪಹರಣವೂ ಜಾಸ್ತಿ ಇದೆ.

ಅಮೆರಿಕ ಸರ್ಕಾರದ ಎಚ್ಚರಿಕೆಯನ್ನೂ ನೋಡಿದೆ. ಪೋರ್ಟೆಟೆ ದೆ ತಾರ್ಕಿ ರಸ್ತೆಯಿಂದ ದಕ್ಷಿಣಕ್ಕೆ, ಪಕ್ಕದ ದುರಾನ್‌ಗೆ ಹೋಗಲೇಬೇಡಿ ಎಂದಿತ್ತು. ವಿಮಾನ ನಿಲ್ದಾಣ ಉತ್ತರದಲ್ಲಿದೆ. ಅಲ್ಲಿಗೆ 'ಮತ್ತೊಮ್ಮೆ ಯೋಚಿಸಿ' ಅಂತ ಮಾತ್ರ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ: ವಯಸ್ಸಾದವರ ಜೊತೆ ರಾತ್ರಿಯಿಡೀ ನಿಲ್ದಾಣದಲ್ಲೇ ಕೂರುವುದು ಒಳ್ಳೆಯದಾ, ಅಥವಾ ಹೋಟೆಲ್‌ನವರೇ ಕಳಿಸುವ ಗಾಡಿಯಲ್ಲಿ ಹತ್ತಿರದ ಹೋಟೆಲ್‌ಗೆ ಹೋಗಬಹುದಾ?