ಅಕ್ಕಾ, ಅಳಿಸಿದ ಆ ಮೆಸೇಜ್ ಮತ್ತೆ ಹಾಕಿ

ಎಲ್ರಿಗೂ ನಮಸ್ಕಾರ. ಟೈಪ್ ಮಾಡೋಕೆ ಕೂತೆ, ಮುಗೀತಾನೇ ಇಲ್ಲ, ಅದಕ್ಕೆ ಮಾತಾಡಿಯೇ ಕಳಿಸ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಅಕ್ಕಾ, ಇದು ಮುಖ್ಯವಾಗಿ ನಿಮಗೆ. ನಿನ್ನೆ ರಾತ್ರಿ ಗುಂಪಿಗೆ ಹೊಸದಾಗಿ ಬಂದಿರೋ ತಮ್ಮ ಕೇಳಿದ್ನಲ್ಲ, ಮೀನಿನ ಟ್ಯಾಂಕ್ ಇಟ್ಟು ಮೂರು ವಾರ ಆಯ್ತು, ಮೊದಲು ನೀರು ಹಾಲಿನ ಥರ ಆಗಿತ್ತು, ಈಗ ತಿಳಿಯಾಗಿದೆ, ಆದ್ರೆ ಗಪ್ಪಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿವೆ, ಏರ್ ಪಂಪ್ ಓಡ್ತಾನೇ ಇದೆ ಅಂತ. ಅದಕ್ಕೆ ನೀವು ಬರೆದಿದ್ರಿ: ನೀರಲ್ಲಿ ಮೂರನೇ ಒಂದು ಭಾಗ ಬದಲಾಯಿಸು, ಎರಡು ದಿನ ಆಹಾರ ಹಾಕ್ಬೇಡ, ಚೂರು ಕಲ್ಲುಪ್ಪು ಹಾಕು, ನನ್ನ ಟ್ಯಾಂಕಲ್ಲಿ ಹೀಗೇ ಆಗಿತ್ತು, ಇದ್ರಿಂದ ಮೀನು ಉಳ್ಕೊಂಡ್ವು, ಯಾಕೆ ಅಂತ ನಂಗೊತ್ತಿಲ್ಲ. ಅದ್ರ ಕೆಳಗೆ ಸರ್ ಒಂದೇ ಸಾಲು ಹಾಕಿದ್ರು, ಅಮೋನಿಯಾಗೆ ಉಪ್ಪು ಔಷಧಿ ಅಲ್ಲ ಅಂತ. ಐದು ನಿಮಿಷ ಆಗಿಲ್ಲ, ನಿಮ್ಮ ಮೆಸೇಜ್ ಅಳಿಸಿಹೋಗಿತ್ತು. ಜೊತೆಗೆ, ಪೂರ್ತಿ ಗೊತ್ತಿಲ್ದೆ ಹೇಳ್ಬಾರದಿತ್ತು, ಗೊತ್ತಿರೋರೇ ಹೇಳ್ಲಿ, ಕ್ಷಮಿಸಿ ಅಂತ ಬೇರೆ. ಅದನ್ನ ಓದಿ ನಂಗೆ ತುಂಬಾ ಬೇಜಾರಾಯ್ತು ಅಕ್ಕಾ.

ಸರ್ ಹೇಳಿದ್ದು ಸರಿ, ಅದ್ರಲ್ಲಿ ಎರಡು ಮಾತಿಲ್ಲ. ಅಮೋನಿಯಾ ಮೇಲೆ ಉಪ್ಪಿನ ಆಟ ನಡೆಯಲ್ಲ. ಆದ್ರೆ ಮೂರು ವಾರದ ಟ್ಯಾಂಕಲ್ಲಿ ತೊಂದ್ರೆ ಕೊಡೋದು ಅಮೋನಿಯಾ ಒಂದೇನಾ? ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತೆ, ಅದು ಅವಕ್ಕೇ ವಿಷ, ಫಿಲ್ಟರಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ. ಆ ನೈಟ್ರೈಟನ್ನ ಅಷ್ಟು ಹಾನಿ ಮಾಡದ ನೈಟ್ರೇಟ್ ಮಾಡೋ ಇನ್ನೊಂದು ಗುಂಪು ನಿಧಾನಕ್ಕೆ ಹಿಂದೆ ಬರುತ್ತೆ. ಎಲ್ಲ ನೆಲೆ ನಿಲ್ಲೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನಡುವಿನ ದಿನಗಳಲ್ಲಿ ನೈಟ್ರೈಟ್ ಏರಿ ಕೂತಿರುತ್ತೆ. ಅದು ಕಿವಿರಿನ ಮೂಲಕ ರಕ್ತಕ್ಕೆ ಹೋದ್ರೆ ರಕ್ತ ಆಮ್ಲಜನಕ ಹೊರೋ ಶಕ್ತೀನೇ ಕಳ್ಕೊಳುತ್ತೆ, ಕಂದು ಬಣ್ಣಕ್ಕೆ ತಿರುಗುತ್ತೆ. ನೀರಲ್ಲಿ ಗಾಳಿ ಎಷ್ಟಿದ್ರೂ ಮೀನಿಗೆ ಉಸಿರು ಸಾಲಲ್ಲ. ಪಂಪ್ ಓಡ್ತಿದ್ರೂ ಬಾಯಿ ಬಿಡ್ತಿವೆ ಅಂದ್ನಲ್ಲ, ಇದೇ ಇರೋ ಸಾಧ್ಯತೆ ಹೆಚ್ಚು.

ಈಗ ಉಪ್ಪಿಗೆ ಬರ್ತೀನಿ. ಉಪ್ಪಲ್ಲಿರೋ ಕ್ಲೋರೈಡೂ ಈ ನೈಟ್ರೈಟೂ ಕಿವಿರಲ್ಲಿ ಒಳಗೆ ಹೋಗೋದು ಒಂದೇ ಬಾಗಿಲಿಂದ. ಬಾಗಿಲ ಹತ್ರ ಕ್ಲೋರೈಡ್ ಜಾಸ್ತಿ ನಿಂತಿದ್ರೆ ನೈಟ್ರೈಟ್ ಒಳಗೆ ಹೋಗೋದು ಕಮ್ಮಿ ಆಗುತ್ತೆ. ನಿಮ್ಮ ಮೀನು ಉಳಿದದ್ದು ಬಹುಶಃ ಹೀಗೆ ಅಕ್ಕಾ. ನಿಮಗೆ ಕಾರಣ ಗೊತ್ತಿರ್ಲಿಲ್ಲ, ಆದ್ರೆ ಕಣ್ಣಾರೆ ನೋಡಿದ್ದು ಸುಳ್ಳಲ್ಲ. ನೀವು ಹೇಳಿದ್ರಿಂದ ಸರ್ ತಿದ್ದಿದ್ರು, ಸರ್ ತಿದ್ದಿದ್ರಿಂದ ನಾನು ಹಾಗಾದ್ರೆ ಅಕ್ಕನ ಮೀನು ಹೇಗೆ ಉಳೀತು ಅಂತ ರಾತ್ರಿಯೆಲ್ಲ ಹುಡುಕಿದೆ. ನೀವು ಸುಮ್ನಿದ್ದಿದ್ರೆ ಈ ಮೂರರಲ್ಲಿ ಒಂದೂ ಆಗ್ತಿರ್ಲಿಲ್ಲ.

ನನ್ನದೇ ಒಂದು ಹೇಳ್ತೀನಿ. ನಾನು ಮೊದಲ ಟ್ಯಾಂಕ್ ಇಟ್ಟು ಎರಡು ತಿಂಗಳಾಗಿತ್ತು. ಫಿಲ್ಟರ್ ಸ್ಪಾಂಜ್ ತೆಗೆದು ನೋಡಿದ್ರೆ ಕಂದು ಬಣ್ಣ, ಮುಟ್ಟಿದ್ರೆ ಲೋಳೆ. ಗಲೀಜು ಅಂತ ನಲ್ಲಿ ಕೆಳಗೆ ಹಿಡಿದು, ಹಿಂಡಿ ಹಿಂಡಿ, ಹೊಸದರ ಹಾಗೆ ಆಗೋವರೆಗೂ ತೊಳೆದೆ. ಮೂರನೇ ದಿನಕ್ಕೆ ಮೂರು ಮೀನು ಹೋದ್ವು. ಉಳಿದವು ಮೂಲೇಲಿ ರೆಕ್ಕೆ ಮುದುಡ್ಕೊಂಡು ನಿಂತಿದ್ವು. ಆಗ ನಾನಿದ್ದ ಬೇರೊಂದು ಗುಂಪಲ್ಲಿ ಕೇಳಿದೆ. ತುಂಬಾ ತಿಳ್ಕೊಂಡೋರು ಅಲ್ಲಿ ಬೇಕಾದಷ್ಟು ಜನ ಇದ್ರು, ಯಾಕೋ ಯಾರೂ ಮಾತಾಡ್ಲಿಲ್ಲ. ಕೊನೆಗೆ ಶಾಲೆಗೆ ಹೋಗೋ ಒಬ್ಬ ಹುಡುಗ ಬರೆದ: "ನಾನೂ ಹೀಗೇ ತೊಳೆದು ಕಳ್ಕೊಂಡಿದ್ದೆ. ಈಗ ಟ್ಯಾಂಕಿಂದ ತೆಗೆದ ನೀರನ್ನೇ ಬಕೆಟಲ್ಲಿ ಹಾಕಿ ಅದರೊಳಗೆ ಎರಡು ಸಲ ಹಿಂಡ್ತೀನಿ ಅಷ್ಟೇ. ಸರಿನೋ ತಪ್ಪೋ ಗೊತ್ತಿಲ್ಲ, ಆಮೇಲೆ ಯಾವ್ದೂ ಸತ್ತಿಲ್ಲ. ಈಗ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ." ಆ ಲೋಳೆಯಲ್ಲೇ ಬ್ಯಾಕ್ಟೀರಿಯಾ ಇರೋದು, ನಲ್ಲಿ ನೀರಿನ ಕ್ಲೋರಿನ್ ಅದನ್ನ ಕೊಲ್ಲುತ್ತೆ ಅನ್ನೋದು ನಂಗೆ ಆಮೇಲೆ ತಿಳೀತು. ಆವತ್ತು ಉಳಿದ ನಾಲ್ಕು ಮೀನು ಉಳಿದದ್ದು ಆ ಹುಡುಗನ "ಗೊತ್ತಿಲ್ಲ"ದಿಂದ. ಪೂರ್ತಿ ಗೊತ್ತಾದ ಮೇಲೆ ಹೇಳೋಣ ಅಂತ ಅವನು ಕಾದಿದ್ರೆ ಅವೂ ಇರ್ತಿರ್ಲಿಲ್ಲ.

ಇನ್ನೊಂದು ವಿಷ್ಯ, ಇದು ನಂಗೆ ತುಂಬಾ ಹಿಡಿಸಿದ್ದು. ಪೂರ್ತಿ ಗೊತ್ತಿರೋದು ಅಂದ್ರೆ ಏನು? 1890ರ ಸುಮಾರಿಗೆ ವಿನೊಗ್ರಾಡ್ಸ್ಕಿ ಅನ್ನೋ ವಿಜ್ಞಾನಿ ಅಮೋನಿಯಾನ ನೈಟ್ರೇಟ್ ಮಾಡೋ ಈ ಕೆಲಸ ಎರಡು ಹಂತದಲ್ಲಿ, ಎರಡು ಬೇರೆ ಬ್ಯಾಕ್ಟೀರಿಯಾದಿಂದ ನಡೆಯುತ್ತೆ ಅಂತ ತೋರಿಸಿಕೊಟ್ರು. ಎರಡನೇ ಹಂತ ಮಾಡೋದು ನೈಟ್ರೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಅಂತ ಅಕ್ವೇರಿಯಂ ಪುಸ್ತಕಗಳು ಎಷ್ಟೋ ವರ್ಷ ಬರೆದ್ವು. 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳನ್ನೇ ಪರೀಕ್ಷೆ ಮಾಡಿ ನೋಡಿದ್ರೆ ಅಲ್ಲಿ ಕೆಲಸ ಮಾಡ್ತಿದ್ದದ್ದು ನೈಟ್ರೋಸ್ಪೈರಾ ಜಾತಿಯದು. 2015ರಲ್ಲಿ ಇನ್ನೂ ದೊಡ್ಡ ಸುದ್ದಿ, ಎರಡೂ ಹಂತ ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅಂತ ಗೊತ್ತಾಯ್ತು. ಅದು ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕೋ ವ್ಯವಸ್ಥೆಯ ಫಿಲ್ಟರ್! ನೂರು ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲರೂ ಅರ್ಧ ತಿಳ್ಕೊಂಡೇ ಮಾತಾಡಿದ್ರು. ಅಷ್ಟೂ ದಿನ "ಸ್ಪಾಂಜ್ ನಲ್ಲೀಲಿ ತೊಳೀಬೇಡಿ" ಅನ್ನೋ ಮಾತು ಮಾತ್ರ ಕೆಲಸಕ್ಕೆ ಬರ್ತಾನೇ ಇತ್ತು, ಕಾರಣ ಎರಡು ಸಲ ಬದಲಾದ್ರೂ.

ಹಾಗಂತ ಎಲ್ಲದಕ್ಕೂ ಅಂದಾಜಲ್ಲಿ ಹೇಳಿ ಅಂತ ನಾನು ಹೇಳಲ್ಲ. ಔಷಧಿ ವಿಷಯದಲ್ಲಿ ನಾನು ಬಹಳ ಗಟ್ಟಿ. ತಾಮ್ರ ಇರೋ ಔಷಧಿ ಮೀನಿಗೆ ವಾಸಿ ಮಾಡ್ಬೋದು, ಅದೇ ಟ್ಯಾಂಕಲ್ಲಿರೋ ಸಿಗಡಿ, ಬಸವನಹುಳನ ಕೊಂದುಬಿಡುತ್ತೆ. ಇಷ್ಟು ಹನಿ ಹಾಕಿ ಅಂತ ನೆನಪಿನ ಮೇಲೆ ಹೇಳಿದ್ರೆ ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ. ಕಾಲು ಭಾಗ ನೀರು ಬದಲಾಯಿಸೋದು, ಎರಡು ದಿನ ಆಹಾರ ನಿಲ್ಲಿಸೋದು ಹಾಗಲ್ಲ, ತಪ್ಪಾದ್ರೂ ದೊಡ್ಡ ನಷ್ಟ ಇಲ್ಲ. ಬಾಯಿ ತೆಗೆಯೋ ಮುಂಚೆ ನಾನು ಅಷ್ಟು ಮಾತ್ರ ನೋಡ್ಕೋತೀನಿ.

ನಿಮ್ಮ ಮೆಸೇಜಲ್ಲಿ ಒಂದೇ ಕೊರತೆ ಇತ್ತು ಅಕ್ಕಾ, ಅಳತೆ. "ಚೂರು" ಅಂದ್ರೆ ಒಬ್ಬರಿಗೆ ಚಿಟಿಕೆ, ಇನ್ನೊಬ್ಬರಿಗೆ ಹಿಡಿ. ನಿಮ್ಮ ಟ್ಯಾಂಕ್ ಎಷ್ಟು ಲೀಟರ್, ಉಪ್ಪು ಎಷ್ಟು ಚಮಚ, ಎಷ್ಟು ದಿನಕ್ಕೆ ಮೀನು ಕೆಳಗಿಳಿದ್ವು, ಅಷ್ಟು ಸೇರಿಸಿ. "ಯಾಕೆ ಅಂತ ಗೊತ್ತಿಲ್ಲ" ಅನ್ನೋ ಸಾಲು ತೆಗೀಬೇಡಿ ದಯವಿಟ್ಟು. ಅದನ್ನ ನೋಡಿದ್ರೇನೇ ಬೇರೆಯವ್ರಿಗೆ ಎಲ್ಲಿಂದ ಕೈ ಜೋಡಿಸ್ಬೇಕು ಅಂತ ಗೊತ್ತಾಗೋದು. ಮೆಸೇಜ್ ಅಳಿಸಿದ್ರೆ ಸರ್ ಬರೆದ ಸಾಲೂ ಅನಾಥ ಆಗುತ್ತೆ, ಮುಂದೆ ಹುಡುಕೋರಿಗೆ ಯಾವ ಉಪ್ಪು, ಯಾಕೆ ಬೇಡ, ಏನೂ ತಿಳಿಯಲ್ಲ.

ಸರ್, ನಿಮ್ಮಲ್ಲೂ ಒಂದು ಕೇಳ್ಕೋತೀನಿ. ನಿಮ್ಮಷ್ಟು ಓದಿರೋರು ಗುಂಪಲ್ಲಿರೋದು ನಮ್ಮ ಭಾಗ್ಯ. ತಿದ್ದುವಾಗ "ಅಲ್ಲ" ಆದ್ಮೇಲೆ ಇನ್ನೊಂದು ಸಾಲು ಹಾಕಿ, ಹಾಗಾದ್ರೆ ಏನು ಮಾಡ್ಬೇಕು ಅಂತ. ಅಷ್ಟಿದ್ದಿದ್ರೆ ಅಕ್ಕ ಅಳಿಸ್ತಿರ್ಲಿಲ್ಲ ಅನ್ಸುತ್ತೆ.

ತಮ್ಮಾ, ನಿನಗೆ. ಈಗ್ಲೇ ಮೂರನೇ ಒಂದು ಭಾಗ ನೀರು ಬದಲಾಯಿಸು, ಹೊಸ ನೀರಿಗೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕೋದು ಮರೀಬೇಡ. ಸ್ಪಾಂಜ್ ಮುಟ್ಬೇಡ. ಹತ್ತು ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು, ಲೋಟದಲ್ಲಿ ಕರಗಿಸಿ ನಿಧಾನಕ್ಕೆ ಬಿಡು. ಗಪ್ಪಿ ತಡ್ಕೊಳುತ್ತೆ, ಆದ್ರೆ ಟ್ಯಾಂಕಲ್ಲಿ ಬೇರೆ ಮೀನು, ಗಿಡ ಏನಾದ್ರೂ ಇದ್ರೆ ಮೊದಲು ಇಲ್ಲಿ ಹೇಳು. ಬೆಳಗ್ಗೆ ಹಗಲು ಬೆಳಕಲ್ಲಿ ನೈಟ್ರೈಟ್ ಟೆಸ್ಟ್ ಮಾಡಿ, ಟ್ಯೂಬ್ ಹಿಂದೆ ಬಿಳಿ ಕಾಗದ ಇಟ್ಟು ಫೋಟೋ ಹಾಕು. ಬಣ್ಣ ಏನು ಬಂದಿದೆ ಅಂತ ಅಕ್ಕ, ಸರ್, ನಾನು, ಎಲ್ಲಾ ಸೇರಿ ನೋಡೋಣ.